ಪೇಜ್‌ಸ್ಪೀಡ್ ಇನ್‌ಸೈಟ್ಸ್: ಅಂಕವನ್ನು ಬಿಟ್ಟು ಉಳಿದದ್ದನ್ನು ಓದಿ

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಜೋನಿಬೆಲ್ಲಗಳನ್ನು ಮಾರುವ ನಮ್ಮ ಜಾಲತಾಣದ ಮಟ್ಟಿಗೆ ಪುಟ ಎಷ್ಟು ಬೇಗ ತೆರೆಯುತ್ತದೆಂದು ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಮತ್ತು ಹುಡುಕಾಟದಲ್ಲಿ ತಾಣ ಹೇಗೆ ಕಾಣಿಸುತ್ತಿದೆಯೆಂದು ತೋರಿಸುವ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಎರಡು ಉಚಿತ ಸಾಧನಗಳನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ವಿಳಾಸ ಹಾಕಿ ಗುಂಡಿ ಒತ್ತುವುದು ಎಲ್ಲರಿಗೂ ತಿಳಿದ ಕೆಲಸವಾದ್ದರಿಂದ ಅದರ ವಿವರಣೆ ಇಲ್ಲಿ ಬೇಡ.

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ ಫಲಿತಾಂಶದಲ್ಲಿ ಎಲ್ಲರ ಕಣ್ಣು ಹೋಗುವುದು ವೃತ್ತದೊಳಗಿನ ಅಂಕದ ಕಡೆಗೆ. 90 ಮುಟ್ಟಿದರೆ ಹಸಿರು, 50ಕ್ಕಿಂತ ಕಡಿಮೆಯಾದರೆ ಕೆಂಪು. ‘ನಿಮ್ಮ ತಾಣ ಕೆಂಪಿನಲ್ಲಿದೆ, ಅದಕ್ಕೇ ಹುಡುಕಾಟದಲ್ಲಿ ಹಿಂದೆ ಬಿದ್ದಿದ್ದೀರಿ, ನಾವು ನೂರು ತಂದುಕೊಡುತ್ತೇವೆ’ ಎಂಬ ಏಜೆನ್ಸಿಗಳ ಮಿಂಚಂಚೆಗಳು ಸಣ್ಣ ವ್ಯಾಪಾರಿಗಳಿಗೆ ಸಾಲುಸಾಲಾಗಿ ಬರುವುದೂ ಈ ಅಂಕದ ಬಲದಿಂದಲೇ. ಆದರೆ ಅದು ಸಾಧಾರಣ ಫೋನು ಮತ್ತು ನಿಧಾನದ 4ಜಿ ಸಂಪರ್ಕವನ್ನು ಕಲ್ಪಿಸಿಕೊಂಡು ನಡೆಸುವ ಪ್ರಯೋಗದ ಅಂಕ. ಅದೇ ಪುಟವನ್ನು ಮತ್ತೆ ಪರೀಕ್ಷಿಸಿದರೆ ಬದಲಾಗಬಹುದು. ಹುಡುಕಾಟದ ಶ್ರೇಯಾಂಕದ ಲೆಕ್ಕಕ್ಕೆ ಸೇರುವುದು ಅದಕ್ಕಿಂತ ಮೇಲೆ ಕಾಣುವ, ಹೆಚ್ಚಿನವರು ಓದದೆ ದಾಟುವ ಭಾಗ: ಕ್ರೋಮ್ ಬಳಸುವ ನಿಜವಾದ ಗ್ರಾಹಕರಿಂದ ಹಿಂದಿನ 28 ದಿನಗಳಲ್ಲಿ ಸಂಗ್ರಹವಾದ ಕೋರ್ ವೆಬ್ ವೈಟಲ್ಸ್ ಎಂಬ ಮೂರು ಅಳತೆಗಳು. ಪುಟದ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಅಲುಗಾಟ, ಅಂದರೆ ಅದರ ಭಾಗಗಳು ಇದ್ದಕ್ಕಿದ್ದಂತೆ ಜಾಗ ಬದಲಿಸುವುದರ ಅಳತೆ, 0.1 ಮೀರಬಾರದು, ಇವು ನೂರಕ್ಕೆ 75 ಭೇಟಿಗಳಲ್ಲಾದರೂ ಪಾಲನೆಯಾಗಬೇಕು. ಕಡಿಮೆ ಜನ ನೋಡುವ ಪುಟಗಳಿಗೆ ಪ್ರತ್ಯೇಕ ಮಾಹಿತಿ ಸಾಲದಿದ್ದರೆ ಇಡೀ ತಾಣದ ಒಟ್ಟಾರೆ ಚಿತ್ರಣವನ್ನೇ ತೋರಿಸುತ್ತದೆ. ನಮ್ಮಂಥವರು ಅದರಲ್ಲೇ ತೃಪ್ತರಾಗಬೇಕು.

ಸೋಮವಾರ ಬೆಳಿಗ್ಗೆ ಪಾರ್ಸೆಲ್‌ಗಳನ್ನು ಕೊರಿಯರ್‌ನವರಿಗೆ ಒಪ್ಪಿಸಿದ ಮೇಲೆ, ಎರಡನೆಯ ಲೋಟ ಕಾಫಿಯೊಂದಿಗೆ ಸರ್ಚ್ ಕನ್ಸೋಲ್ ತೆರೆಯುವುದು ನನಗೆ ರೂಢಿಯಾಗಿದೆ. ಮೊದಲು ಯಾವ ಪದಗಳನ್ನು ಹುಡುಕಿ ಜನ ಬಂದರೆಂಬುದನ್ನು ನೋಡುತ್ತೇನೆ, ಆಮೇಲೆ ಅಲ್ಲಿನ ಕೋರ್ ವೆಬ್ ವೈಟಲ್ಸ್ ವರದಿಯ ಕೆಂಪು, ಹಳದಿ, ಹಸಿರು ಗೆರೆಗಳನ್ನು. ಯಾವುದನ್ನೇ ಸರಿಪಡಿಸಿದರೂ 28 ದಿನಗಳ ಲೆಕ್ಕದಲ್ಲಿ ಹಳೆಯ ಭೇಟಿಗಳು ಕಳಚಿಕೊಳ್ಳುವವರೆಗೆ ಗೆರೆ ಪೂರ್ತಿ ತಿಳಿಯಾಗದು. ಉಪ್ಪಿನಲ್ಲಿ ಹಾಕಿದ ಮಿಡಿಯಂತೆ ಕಾಯಲೇಬೇಕು. ಕಾಯುವುದು ನಮ್ಮ ಕಸುಬೇ ಆದ್ದರಿಂದ ಬೇಸರವೇನಿಲ್ಲ.

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಿಂದ ನನಗೆ ಸಿಕ್ಕ ನಿಜವಾದ ಸಂತೋಷವೆಂದರೆ ಅಲುಗಾಟದ ಮೂಲವನ್ನು ಅದು ಬೆರಳಿಟ್ಟು ತೋರಿಸಿದ್ದು. ಪುಟ ತೆರೆದಾಗ ಕನ್ನಡ ಬರಹ ಮೊದಲು ಫೋನಿನದೇ ಅಕ್ಷರವಿನ್ಯಾಸದಲ್ಲಿ ಮೂಡಿ, ಸರ್ವರ್‌ನಿಂದ ನಮ್ಮ ಫಾಂಟ್ ಬಂದೊಡನೆ ಬದಲಾಗುತ್ತಿತ್ತು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವ ನಮ್ಮ ಲಿಪಿಯಲ್ಲಿ ಒಂದು ಫಾಂಟಿನ ಅಗಲ, ಎತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ವಿವರಣೆಯ ಸಾಲುಗಳು ಹೆಚ್ಚಾಗಿ ‘ಬುಟ್ಟಿಗೆ ಹಾಕಿ’ ಗುಂಡಿ ಬೆರಳಿನಡಿಯಿಂದ ಜಾರುತ್ತಿತ್ತು. ಬೇಡದ ದಪ್ಪಗಳ ಫಾಂಟ್ ಕಡತಗಳನ್ನು ತೆಗೆದು, ಉಳಿದ ಒಂದನ್ನು ಮೊದಲೇ ಇಳಿಸಿಕೊಳ್ಳುವಂತೆ ಮಾಡಿ, ತಾತ್ಕಾಲಿಕ ಅಕ್ಷರಗಳ ಗಾತ್ರವನ್ನು ಅದಕ್ಕೆ ಹೊಂದಿಸಿದ ಮೇಲೆ ಆ ಜಿಗಿತ ನಿಂತಿತು. ಭರಣಿಯ ಚಿತ್ರವನ್ನು ವೆಬ್‌ಪಿ ಎಂಬ ಹಗುರವಾದ ಕಡತದ ರೂಪಕ್ಕೆ ತಂದು ಕಿರಿದಾಗಿಸಿದ್ದು ಅದಕ್ಕಿಂತ ಸುಲಭದ ಕೆಲಸ.

ಗೆರೆ ಹಸಿರಾಯಿತು, ಹುಡುಕಾಟದ ಸ್ಥಾನ ಮಾತ್ರ ಹೆಚ್ಚೇನೂ ಕದಲಲಿಲ್ಲ. ನಮಗಿಂತ ಮೇಲೆ ಕಾಣುವ ತಾಣವೊಂದು ತೆರೆಯಲು ನಮ್ಮದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಆದರೆ ಅಲ್ಲಿ ಮಿಡಿಯ ತಳಿ, ಪರಿಮಳ, ಕೆಡದಂತೆ ಇಡುವ ಬಗೆಗಳೆಲ್ಲ ವಿವರವಾಗಿವೆ, ನಮ್ಮಲ್ಲಿ ಬೆಲೆ ಮತ್ತು ತೂಕವಷ್ಟೇ. ಗೂಗಲ್ 2010ರಲ್ಲಿ ವೇಗವನ್ನು ಶ್ರೇಯಾಂಕದ ಅಂಶಗಳಲ್ಲಿ ಸೇರಿಸಿದ್ದು, 2018ರಲ್ಲಿ ಮೊಬೈಲ್ ಹುಡುಕಾಟಕ್ಕೂ ವಿಸ್ತರಿಸಿದ್ದು, 2021ರಲ್ಲಿ ಕೋರ್ ವೆಬ್ ವೈಟಲ್ಸ್ ತಂದದ್ದು ಎಲ್ಲವೂ ನಿಜ. ಪುಟದ ಅನುಭವ ಕಳಪೆಯಾಗಿದ್ದರೂ ಹುಡುಕಿದ್ದಕ್ಕೆ ಹೆಚ್ಚು ಹೊಂದುವ ಬರಹವನ್ನೇ ತೋರಿಸಲು ಯತ್ನಿಸುತ್ತೇವೆ ಎಂದು ಅದೇ ಸಂಸ್ಥೆ ಹೇಳಿರುವುದೂ ಅಷ್ಟೇ ನಿಜ. ಸರಿಸಮಾನ ಪುಟಗಳ ನಡುವೆ ವೇಗ ನೆರವಾದೀತು. ಏಜೆನ್ಸಿಗಳ ಮಿಂಚಂಚೆಗಳಲ್ಲಿ ಈ ಎರಡನೆಯ ಮಾತು ಇರುವುದಿಲ್ಲ ಎಂಬುದೇ ನನ್ನ ಸಿಟ್ಟು. ವೇಗದಿಂದ ನಮಗಾದ ಲಾಭ ಬೇರೆ ಕಡೆ: ಬುಟ್ಟಿ ತುಂಬಿಸಿ ಅರ್ಧಕ್ಕೆ ಬಿಟ್ಟುಹೋಗುವವರು ಕಡಿಮೆಯಾಗಿದ್ದಾರೆ.

ಉಳಿದಿರುವ ತೊಡಕು ಸರ್ವರ್‌ನದು. ಹತ್ತಾರು ತಾಣಗಳೊಂದಿಗೆ ಹಂಚಿಕೊಂಡ ಅಗ್ಗದ ಹೋಸ್ಟಿಂಗ್‌ನಲ್ಲಿ ಸಂಜೆ ಹೊತ್ತು ಮೊದಲ ಉತ್ತರಕ್ಕೇ ತಡವಾಗುತ್ತದೆ, ಆ ತಡವೆಲ್ಲ 2.5 ಸೆಕೆಂಡಿನ ಲೆಕ್ಕಕ್ಕೇ ಸೇರುತ್ತದೆ. ಚಿತ್ರವನ್ನು ಎಷ್ಟು ಕಿರಿದಾಗಿಸಿದರೂ ಅದನ್ನು ತುಂಬಿಕೊಡಲಾಗದು. ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿರುವ ಕ್ರಾಲ್ (ಗೂಗಲ್‌ನ ತಂತ್ರಾಂಶ ತಾಣಕ್ಕೆ ಬಂದು ಪುಟಗಳನ್ನು ಓದಿಕೊಳ್ಳುವುದು) ಅಂಕಿಅಂಶಗಳಲ್ಲಿ ಸರ್ವರ್‌ನ ಸರಾಸರಿ ಪ್ರತಿಕ್ರಿಯೆಯ ಸಮಯ ಕಾಣುತ್ತದೆ. ಯಾರಿಗಾದರೂ ಹಣ ಕೊಡುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ. ನಾನು ಈ ವರ್ಷದ ಬಜೆಟ್ಟಿನಲ್ಲಿ ಅಂಕ ಹೆಚ್ಚಿಸುವ ಸೇವೆಗೆ ಏನನ್ನೂ ಇಡದೆ, ಅರ್ಧವನ್ನು ಉತ್ತಮ ಹೋಸ್ಟಿಂಗ್‌ಗೂ ಉಳಿದರ್ಧವನ್ನು ಮಿಡಿಯ ಬಗ್ಗೆ ತಿಳಿದು ಬರೆಯಬಲ್ಲವರ ಸಂಭಾವನೆಗೂ ತೆಗೆದಿರಿಸಿದ್ದೇನೆ.