ಬಿಟಿಸಿಪೇ ಸರ್ವರ್: ಕಾಸರಗೋಡಿನ ಸಣ್ಣ ಅಂಗಡಿಗೆ ಆದೀತೇ?

ಬೇಕಲದ ಹೋಂಸ್ಟೇಯಲ್ಲೋ ಕಾಸರಗೋಡು ಪೇಟೆಯ ಸೀರೆ ಅಂಗಡಿಯಲ್ಲೋ ಬಿಟ್‌ಕಾಯಿನ್ ತೆಗೆದುಕೊಳ್ಳುವುದಾದರೆ, ಒಂದೇ ವಿಳಾಸದ ಕ್ಯೂಆರ್ ಅಂಟಿಸಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಒಮ್ಮೆ ಹಣ ಕೊಟ್ಟ ಗಿರಾಕಿಯೂ ಪಕ್ಕದ ಅಂಗಡಿಯವರೂ ನಿಮಗೆ ಬಂದದ್ದೆಷ್ಟು ಎಂದು ಬ್ಲಾಕ್‌ಚೈನ್‌ನಲ್ಲಿ (ಎಲ್ಲರಿಗೂ ತೆರೆದಿರುವ ಬಿಟ್‌ಕಾಯಿನ್ ಲೆಕ್ಕದ ಪುಸ್ತಕದಲ್ಲಿ) ನೋಡಬಹುದು. ಬಿಟಿಸಿಪೇ ಸರ್ವರ್ ಪ್ರತಿ ಬಿಲ್ಲಿಗೂ ಹೊಸ ವಿಳಾಸ ಕೊಡುತ್ತದೆ. 2017ರಲ್ಲಿ ಶುರುವಾದ ಓಪನ್ ಸೋರ್ಸ್ ತಂತ್ರಾಂಶ ಇದು. ಕಮಿಷನ್ ಇಲ್ಲ, ನಡುವೆ ಕಂಪನಿ ಇಲ್ಲ.

ಬಾಡಿಗೆ ಸರ್ವರ್‌ನಲ್ಲಿ ಹಾಕುವುದಾದರೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು. ಪ್ರೂನಿಂಗ್ (ಹಳೆಯ ಬ್ಲಾಕ್‌ಚೈನ್ ದತ್ತಾಂಶ ಅಳಿಸುತ್ತ ಹೋಗುವುದು) ಇಟ್ಟರೆ 80 ಜಿಬಿ ಜಾಗ ಸಾಕು. 4 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ನೋಡ್ (ಬ್ಲಾಕ್‌ಚೈನ್ ಇಳಿಸಿಕೊಂಡು ಪರಿಶೀಲಿಸುವ ತಂತ್ರಾಂಶ) ಪೂರ್ತಿ ಸಿಂಕ್ ಆಗುವ ತನಕ ಹಣ ತೆಗೆದುಕೊಳ್ಳಲಾಗದು, ಅದಕ್ಕೆ ದಿನಗಳೇ ಹಿಡಿದಾವು. ವಾಲೆಟ್ ಜೋಡಿಸುವಾಗ ಹಾರ್ಡ್‌ವೇರ್ ವಾಲೆಟ್‌ನ (ಕೀಲಿ ಕಾಯುವ ಪುಟ್ಟ ಸಾಧನ) ಎಕ್ಸ್‌ಪಬ್, ಅಂದರೆ ವಿಳಾಸಗಳನ್ನು ಹುಟ್ಟಿಸುವ ಸಾರ್ವಜನಿಕ ಕೀಲಿ, ಮಾತ್ರ ಕೊಡಿ; ಹಣದ ಮೇಲೆ ಪೂರ್ತಿ ಹಿಡಿತ ಕೊಡುವ ಸೀಡ್ ಪದಗಳನ್ನು ಎಂದಿಗೂ ಬೇಡ. ಪರದೆಯಲ್ಲಿ ಬಂದ ಮೊದಲ ವಿಳಾಸವನ್ನು ನಿಮ್ಮ ವಾಲೆಟ್‌ನ ವಿಳಾಸದೊಂದಿಗೆ ತಾಳೆ ನೋಡಿಯೇ ಮುಂದೆ ಹೋಗಿ. ಎಕ್ಸ್‌ಪಬ್‌ನಿಂದ ಹಣ ಕದಿಯಲಾಗದು. ಆದರೆ ಅದು ಸಿಕ್ಕವರಿಗೆ ಹಿಂದಿನ, ಮುಂದಿನ ವಿಳಾಸಗಳೆಲ್ಲ ಕಾಣುತ್ತವೆ.

ಗುಟ್ಟು ರಟ್ಟಾಗುವುದು ಹೆಚ್ಚಾಗಿ ಸರ್ವರ್‌ನ ಹೊರಗೆ. ಅದೇ ವಾಲೆಟ್ಟನ್ನು ಎಲೆಕ್ಟ್ರಮ್ ಎಂಬ ವಾಲೆಟ್ ತಂತ್ರಾಂಶದಲ್ಲಿ ತೆರೆದು ಬೇರೆಯವರ ಸರ್ವರ್‌ಗೆ ಜೋಡಿಸಿದರೆ ನಿಮ್ಮ ವಿಳಾಸಗಳೆಲ್ಲ ಆ ಸರ್ವರ್‌ಗೆ ತಿಳಿಯುತ್ತವೆ. ಹತ್ತು ಗಿರಾಕಿಗಳಿಂದ ಬಂದದ್ದನ್ನು ಒಟ್ಟುಗೂಡಿಸಿ ಒಂದೇ ವ್ಯವಹಾರದಲ್ಲಿ ಕಳಿಸಿದಿರೋ, ಆ ಹತ್ತೂ ಒಬ್ಬರವೇ ಎಂದು ಬಯಲಾಯಿತು. ಕಳಿಸುವಾಗ ಕಾಯಿನ್‌ಗಳನ್ನು ಕೈಯಾರೆ ಆರಿಸುವ ಸೌಲಭ್ಯ ಬಿಟಿಸಿಪೇಯಲ್ಲೇ ಇದೆ, ತಪ್ಪದೆ ಬಳಸಿ.

ಬಿಲ್ ಮಾಡಿ ಗಿರಾಕಿ ಹಣ ಕೊಡದೆ ಹೋದರೂ ಒಂದು ವಿಳಾಸ ಖರ್ಚಾಗುತ್ತದೆ. ಹಾಗೆ ಸಾಲಾಗಿ 20 ವಿಳಾಸ ಖಾಲಿ ಉಳಿದರೆ, ಆಮೇಲೆ ಬಂದ ಹಣ ಹೊರಗಿನ ವಾಲೆಟ್‌ನಲ್ಲಿ ಕಾಣದೆ ಹೋದೀತು. ಹಣ ಎಲ್ಲಿಗೂ ಹೋಗಿರುವುದಿಲ್ಲ. ವಾಲೆಟ್‌ನ ಗ್ಯಾಪ್ ಲಿಮಿಟ್ (ಎಷ್ಟು ಖಾಲಿ ವಿಳಾಸ ದಾಟಿ ಹುಡುಕಬೇಕೆಂಬ ಮಿತಿ) ಹೆಚ್ಚಿಸಿ. ಬಿಲ್ಲಿನ ಗಡುವು ಮೊದಲಿಗೆ 15 ನಿಮಿಷ. ಗಿರಾಕಿಯ ಎಕ್ಸ್‌ಚೇಂಜ್ (ಕಾಯಿನ್ ಕೊಂಡು ಮಾರುವ ತಾಣ) ಶುಲ್ಕ ಮುರಿದುಕೊಂಡು ಕಳಿಸಿದರೆ ಮೊತ್ತ ಚೂರು ಕಡಿಮೆಯಾಗಿ ಬಿಲ್ ಅರ್ಧಕ್ಕೇ ನಿಲ್ಲುತ್ತದೆ. ಪೇಮೆಂಟ್ ಟಾಲರೆನ್ಸ್ (ಎಷ್ಟು ಕಡಿಮೆ ಬಂದರೂ ಒಪ್ಪಬಹುದೆಂಬ ಮಿತಿ) 1% ಇಡಿ.

ಬಿಟ್‌ಕಾಯಿನ್ ಮೇಲೆ ಕಟ್ಟಿದ ಬೇಗನೆ ಹಣ ಸಂದಾಯವಾಗುವ ಜಾಲ ಲೈಟ್ನಿಂಗ್ ಚಹಾ ಅಂಗಡಿಯ ಸಣ್ಣ ಬಿಲ್ಲಿಗೆ ಚೆಂದ, ಆದರೆ ನೋಡ್ ಸದಾ ಆನ್‌ಲೈನ್ ಇರಬೇಕು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ನಮ್ಮ ಕಡೆ ಮನೆಯಲ್ಲೇ ಯಂತ್ರ ಇಡುವವರು ಇನ್ವರ್ಟರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಈ ಗೌಪ್ಯತೆ ಕಂಡವರ ಕಣ್ಣಿನಿಂದ, ತೆರಿಗೆ ಇಲಾಖೆಯಿಂದಲ್ಲ. ಹಣ ಬಂದ ದಿನದ ರೂಪಾಯಿ ಬೆಲೆಯಲ್ಲಿ ಬಿಲ್ಲು, ಜಿಎಸ್‌ಟಿ ಎರಡೂ ಆಗಬೇಕು. ಆಮೇಲೆ ಕಾಯಿನ್ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. 1% ಟಿಡಿಎಸ್ ಬಗ್ಗೆ ಆಡಿಟರ್ ಹತ್ತಿರ ಮೊದಲೇ ಮಾತಾಡಿ, ಬಿಲ್‌ಗಳ ಸಿಎಸ್‌ವಿ ಕಡತವನ್ನು ತಿಂಗಳಿಗೊಮ್ಮೆ ಇಳಿಸಿಡಿ. ಗುರುತಿಲ್ಲದವರಿಗೆ ಪಿ2ಪಿಯಲ್ಲಿ (ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ) ಕಾಯಿನ್ ಮಾರಬೇಡಿ: ಅವರು ಹಾಕಿದ್ದು ವಂಚನೆಯ ಹಣವಾದರೆ ಪೊಲೀಸರು ನಿಮ್ಮ ಬ್ಯಾಂಕ್ ಖಾತೆಯನ್ನೇ ತಡೆಹಿಡಿಸಿಯಾರು.