ಬಿದ್ರಿ ಸನ್ಮಾನ ಫಲಕ: ‘ಹ್ಯಾಟ್ಸ್ ಆಫ್’ ಬರೆಸುವ ಮುನ್ನ

ನಿವೃತ್ತಿ, ಬೀಳ್ಕೊಡುಗೆ ಅಂದರೆ ಬೀದರ್ ಕಡೆ ಶಾಲು-ಹಾರದ ಜೊತೆ ಒಂದು ಬಿದ್ರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ) ಫಲಕ ಇದ್ದರೇನೇ ಕಳೆ. ಅಕ್ರಿಲಿಕ್ ಟ್ರೋಫಿಗಿಂತ ನೂರು ಪಾಲು ವಾಸಿ. ಆರ್ಡರ್ ಕೊಡುವ ರೀತಿ ತಪ್ಪಿದರೆ ಮಾತ್ರ ದುಡ್ಡು ದಂಡ.

ಎಡವುವುದು ಸನ್ಮಾನಿತರ ಹೆಸರು ಬರೆಸುವುದರಲ್ಲಿ. ಬಿದ್ರಿ ಲೋಹದಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ ನಕ್ಷೆ ಗೀರುತ್ತಾರೆ. ಉಳಿಯಿಂದ ಕೊರೆದ ಆ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕಟ್ಟಕಡೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರು: ಸತು ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹೆಸರು ಇದಕ್ಕೂ ಮೊದಲೇ ಬೆಳ್ಳಿಯಲ್ಲಿ ಕೂತಿರಬೇಕು. ರೆಡಿ ಫಲಕದ ಮೇಲೆ ಮಷೀನಿನಲ್ಲಿ ಕೊರೆಸಿದರೆ ಕಪ್ಪು ಸೀಳಿ ಒಳಗಿನ ಸತು ಬಯಲಾಗುತ್ತದೆ. ಸಮಾರಂಭದ ದಿನ ಹೊಳಪು, ಆಮೇಲೆ ಬರೀ ಬೂದು ಗೆರೆ. ಒತ್ತಕ್ಷರ ಇದ್ದರೆ ಅಕ್ಷರ ಒಂದು ಸೆಂಟಿಮೀಟರಿಗಿಂತ ಸಣ್ಣದು ಬೇಡ. ಬಿಗಿ ಸುರುಳಿಯಲ್ಲಿ ತಂತಿ ಸರಿಯಾಗಿ ಕೂರದೆ ಎದ್ದು ಬರುತ್ತದೆ.

‘ಹ್ಯಾಟ್ಸ್ ಆಫ್’ ಜೊತೆ ಟೋಪಿಯ ಚಿತ್ರವನ್ನೂ ಕೇಳುವವರಿದ್ದಾರೆ. ಆ ಮಾತಿನ ಹಿಂದಿರುವುದು ದೊಡ್ಡವರೆದುರು ತಲೆ ಬರಿದು ಮಾಡುವ ಯುರೋಪಿನ ರೂಢಿ, ಅದೂ ಒಂದು ಕಾಲಕ್ಕೆ ಕಡ್ಡಾಯವೇ. 1670ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಕ್ವೇಕರ್ ಪಂಥದ (ಯಾರೆದುರೂ ಗೌರವಕ್ಕೆಂದು ಟೋಪಿ ತೆಗೆಯದ ಕ್ರೈಸ್ತರು) ವಿಲಿಯಂ ಪೆನ್, ವಿಲಿಯಂ ಮೀಡ್ ಇಬ್ಬರ ತಲೆಗೆ ಕೋರ್ಟೇ ಟೋಪಿ ಇಡಿಸಿ, ತೆಗೆಯಲಿಲ್ಲವೆಂದು ತಲಾ 40 ಮಾರ್ಕ್ ದಂಡ ಹಾಕಿತ್ತು. (ನ್ಯಾಯ ಅಂದರೆ ಇದು!) ಈಗ ‘ಹ್ಯಾಟ್ಸ್ ಆಫ್’ ಅಂದರೆ ಸಾಧನೆಗೆ ಸಲ್ಲುವ ‘ಭಲೇ’ ಅಷ್ಟೇ. ಪಂದ್ಯ ಗೆದ್ದ ತಂಡಕ್ಕೆ ಸರಿ, ನಿವೃತ್ತರಾಗುವ ಹೆಡ್‌ಮಾಸ್ತರರಿಗೆ ತುಸು ಹಗುರ. ತಲೆಗೆ ರುಮಾಲು ಸುತ್ತಿ ಮರ್ಯಾದೆ ಮಾಡುವ ವೇದಿಕೆಯಲ್ಲಿ ಕಳಚಿಟ್ಟ ಟೋಪಿ ಹೊಂದುವುದೂ ಇಲ್ಲ. ಮೇಲಾಗಿ ಟೋಪಿಯ ತುಂಬು ಆಕಾರಕ್ಕೆ ತಂತಿ ಸಾಲದು, ಬೆಳ್ಳಿ ತಗಡೇ ಬೇಕು, ಖರ್ಚು ಏರುತ್ತದೆ. ಅದರ ಬದಲು ಅಂಚಿಗೆ ಬಳ್ಳಿ, ನಡುವೆ ಅಶರ್ಫಿ ಬೂಟಿ (ನಾಣ್ಯದಂಥ ಹೂವಿನ ವಿನ್ಯಾಸ) ಹಾಕಿಸಿ.

ಅಸಲಿಯನ್ನು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಭಾರ. ಅಲ್ಯೂಮಿನಿಯಮ್ಮಿಗೆ ಕಪ್ಪು ಪೇಂಟ್ ಹೊಡೆದದ್ದು ಹಗುರ. ಥಿನ್ನರ್ ಅದ್ದಿದ ಹತ್ತಿ ಒರೆಸಿದರೆ ಬಣ್ಣ ಬಿಡುತ್ತದೆ. ಬಿದ್ರಿಗೆ 2006ರಲ್ಲೇ ಜಿಐ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಬಿಲ್ ಮೇಲೆ ‘ಬಿದ್ರಿ’ ಎಂದೇ ಬರೆಸಿಕೊಳ್ಳಿ.

ಕೊಡುವಾಗ ಒಂದು ಚೀಟಿ ಜೊತೆಗಿಡಿ: ಹುಣಸೆ, ನಿಂಬೆ, ಬ್ರಾಸೋದಂಥ ಲೋಹದ ಪಾಲಿಶ್ ತಾಗಿಸಬಾರದು, ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಎತ್ತರದಲ್ಲಿ ಸಡಿಲವಾಗಿ ನಿಲ್ಲಿಸಬಾರದು, ಸತು ಬಿದ್ದರೆ ಸೀಳುತ್ತದೆ.