ಹಾಸುಗಲ್ಲಿನ ಮನೆಗೆ ಡಿಜಿಟಲ್ ತಿಜೋರಿ: ಪೆಟ್ಟಿಗೆಗೆ ಏಳು ಅಂಕ, ಜೋಡಣೆಗೆ ಮೂರು

ನಂಬರ್ ಒತ್ತಿ ತೆಗೆಯುವ ಸಣ್ಣ ಉಕ್ಕಿನ ತಿಜೋರಿಗಳು ಈಗ ಕಲಬುರಗಿಯಲ್ಲೂ ಸುಲಭವಾಗಿ ಸಿಗುತ್ತವೆ, ಆನ್‌ಲೈನಿನಲ್ಲಿ ತರಿಸಿದರೆ ಮನೆ ಬಾಗಿಲಿಗೇ ಬರುತ್ತವೆ. ಇಲ್ಲಿ ಪರಿಶೀಲಿಸಿರುವುದು 20ರಿಂದ 40 ಲೀಟರ್ ಅಳತೆಯ, ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ನಡೆಯುವ, ತುರ್ತಿಗೆಂದು ಎರಡು ಬೀಗದ ಕೈ ಕೊಡುವ ಮನೆಬಳಕೆಯ ಮಾದರಿಗಳನ್ನು. ಪೆಟ್ಟಿಗೆಗೆ ಹತ್ತಕ್ಕೆ ಏಳು ಅಂಕ ಕೊಡಬಹುದು. ಅದರ ಜೊತೆ ಬರುವ 'ಉಚಿತ ಜೋಡಣೆ'ಗೆ ಮೂರಕ್ಕಿಂತ ಹೆಚ್ಚು ಕೊಡಲಾಗದು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಬಂಗಾರ ಉಳಿಯುವುದು, ಹೋಗುವುದು ಈ ಜೋಡಣೆಯ ಮೇಲೆಯೇ ನಿಂತಿದೆ. ಆದ್ದರಿಂದ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ತೂಕ ನೋಡಿ. 40 ಲೀಟರಿನ ಸಾಮಾನ್ಯ ತಿಜೋರಿ ಖಾಲಿ ಇದ್ದಾಗ 12ರಿಂದ 15 ಕೆ.ಜಿ. ತೂಗುತ್ತದೆ, ಅಂದರೆ ಒಂದು ತುಂಬಿದ ಕೊಡದಷ್ಟು. ಕೊಡ ಹೊತ್ತು ನಡೆಯಬಲ್ಲವರು ಇದನ್ನೂ ಹೊತ್ತು ನಡೆಯಬಲ್ಲರು. ಬೋಲ್ಟ್ ಹಾಕದೆ ಅಲಮಾರಿಯೊಳಗೆ ಇಟ್ಟ ತಿಜೋರಿಯಿಂದ ಕಳ್ಳನಿಗೇ ಅನುಕೂಲ, ಮನೆಯ ಅಷ್ಟೂ ಒಡವೆ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿಬಿಡುತ್ತದೆ. ಒಡೆಯುವ ಕೆಲಸವನ್ನು ಅವನು ಊರ ಹೊರಗೆ ನಿಧಾನವಾಗಿ ಮಾಡಿಕೊಳ್ಳುತ್ತಾನೆ.

ಹಾಗಾದರೆ ಅಲಮಾರಿಯ ಒಳಲಾಕರೇ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಅಲಮಾರಿಯ ತಗಡು ಸಾಮಾನ್ಯವಾಗಿ ಒಂದು ಮಿ.ಮೀ.ಗಿಂತ ತೆಳು, ಒಳಲಾಕರಿನ ಬಾಗಿಲೂ ಅದೇ ತಗಡಿನದು. ದೊಡ್ಡ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಗಡು ಬಾಗುತ್ತದೆ, ಬೀಗದ ನಾಲಿಗೆ ತಾನಾಗಿ ಈಚೆ ಬರುತ್ತದೆ. ದಿನಬಳಕೆಯ ಝುಮಕಿ, ಎರಡು ಬಳೆ ಇಡಲು ಅದು ಸರಿ. ಬೋರಮಾಳ, ಪಾಟ್ಲಿ, ಬಿಲ್ವಾರ, ಗುಂಡಿನ ಸರ ಇಡುವ ಜಾಗ ಅದಲ್ಲ.

ತಿಜೋರಿ ಕೊಳ್ಳುವಾಗ ನೋಡಬೇಕಾದ ಮೊದಲ ಅಂಶ ಬೀಗ ಓಡುವ ಬಗೆ. ನಂಬರ್ ಒತ್ತಿದಾಗ 'ಟಕ್' ಎಂದು ಸದ್ದಾಗಿ, ಆಮೇಲೆ ಕೈಯಿಂದ ಗುಬುಟು ತಿರುಗಿಸಬೇಕಾದರೆ ಅದು ಸೊಲೆನಾಯ್ಡ್ ಬೀಗ. ಒಳಗೆ ಒಂದು ಸಣ್ಣ ಸ್ಪ್ರಿಂಗ್ ಪಿನ್ನು ಗುಬುಟನ್ನು ತಡೆದಿರುತ್ತದೆ, ವಿದ್ಯುತ್ ಹರಿದಾಗ ಅದು ಸರಿಯುತ್ತದೆ. ಅಗ್ಗದ ಮಾದರಿಗಳಲ್ಲಿ ಈ ಪಿನ್ನಿನ ಸ್ಪ್ರಿಂಗ್ ಎಷ್ಟು ಸಡಿಲವೆಂದರೆ, ಪೆಟ್ಟಿಗೆಗೆ ಜೋರಾಗಿ ಗುದ್ದು ಬಿದ್ದಾಗಲೂ ಅದು ಕ್ಷಣಮಾತ್ರ ಹಾರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ: ಬೀಗ ಹಾಕಿಸಿ, ಗುಬುಟನ್ನು ತೆರೆಯುವ ದಿಕ್ಕಿಗೆ ಒತ್ತಿ ಹಿಡಿದು, ಮೇಲಿನಿಂದ ಮುಷ್ಟಿಯಲ್ಲಿ ನಾಲ್ಕು ಸಲ ಗುದ್ದಿ. ಬಾಗಿಲು ತೆರೆದರೆ ಅಲ್ಲಿಗೇ ಬಿಟ್ಟು ಬನ್ನಿ. ನಂಬರ್ ಒತ್ತಿದ ಕೂಡಲೇ ಒಳಗೆ ಮೋಟಾರು ತಿರುಗುವ ಸದ್ದು ಬಂದು ಸರಳುಗಳು ತಾವಾಗಿ ಸರಿದರೆ ಅದು ಮೋಟಾರು ಬೀಗ. ಇದಕ್ಕೆ ಗುದ್ದಿನ ಭಯವಿಲ್ಲ. ಸ್ವಲ್ಪ ಹೆಚ್ಚು ಹಣ ಹೋದರೂ ಇದನ್ನೇ ಕೊಳ್ಳಿ.

ಬಾಗಿಲಿನ ತಗಡು 5 ಮಿ.ಮೀ.ಗೆ ಕಡಿಮೆ ಬೇಡ, ಮೈ ತಗಡು 2 ಮಿ.ಮೀ.ಗಿಂತ ತೆಳು ಬೇಡ. ಬಾಗಿಲಿನ ಸಂದಿಯಲ್ಲಿ ಎರಡು ಎಟಿಎಂ ಕಾರ್ಡು ಜೋಡಿಸಿ ತೂರಿ ನೋಡಿ. ಅವು ಸಲೀಸಾಗಿ ಇಳಿದರೆ ಹಾರೆಯ ಚಪ್ಪಟೆ ತುದಿಗೂ ಅಲ್ಲಿ ಹಿಡಿತ ಸಿಗುತ್ತದೆ. ಕೀಲಿನ ಕಡೆಗೂ ಗಟ್ಟಿ ಸರಳೋ ಪಟ್ಟಿಯೋ ಇರಬೇಕು. ಇಲ್ಲದಿದ್ದರೆ ಕೀಲು ಕತ್ತರಿಸಿದಾಗ ಬಾಗಿಲು ಆ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಐಎಸ್ 550 ಎಂಬುದು ತಿಜೋರಿಗಳ ಮಾನದಂಡ. ಪೆಟ್ಟಿಗೆಯ ಮೇಲೆ ಆ ಗುರುತಿದೆಯೇ ಎಂದು ಕೇಳಿ. ಇಂಥ ಹಗುರ ಪೆಟ್ಟಿಗೆಗಳು ಬೆಂಕಿ ತಡೆಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶುದ್ಧ ಬಂಗಾರ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು, ಅದರೊಂದಿಗೆ ಇಟ್ಟ ಮುತ್ತು ಮತ್ತು ಹೊಲದ ಕಾಗದಪತ್ರ ಅಷ್ಟರವರೆಗೆ ಉಳಿಯುವುದಿಲ್ಲ.

ಈಗ ಜೋಡಣೆ. ಜೋಡಿಸಲು ಬರುವ ಹುಡುಗ ಡ್ರಿಲ್ ಹಿಡಿದು, ಪೆಟ್ಟಿಗೆಯೊಂದಿಗೆ ಬಂದ ಎರಡು ಬೋಲ್ಟನ್ನು ನೆಲಕ್ಕೋ ಗೋಡೆಗೋ ಹೊಡೆದು ಹತ್ತು ನಿಮಿಷದಲ್ಲಿ ಹೊರಡುತ್ತಾನೆ. ಆ ಬೋಲ್ಟು ಯಾವುದನ್ನು ಹಿಡಿದಿದೆ ಎಂದು ಅವನೂ ನೋಡುವುದಿಲ್ಲ, ಮನೆಯವರೂ ಕೇಳುವುದಿಲ್ಲ.

ನಮ್ಮ ಕಡೆಯ ನೆಲ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಒಂದು, ಒಂದೂವರೆ ಇಂಚು ದಪ್ಪದ ಸುಣ್ಣಕಲ್ಲು, ಅದರ ಕೆಳಗೆ ಉಸುಕು ಅಥವಾ ಗರಸು. ಕಲ್ಲಿನ ರಚನೆಯೇ ಪದರ ಪದರ. ಅದಕ್ಕೆ ಹಿಗ್ಗುವ ಬೋಲ್ಟ್, ಅಂದರೆ ಬಿಗಿದಂತೆ ತೂತಿನೊಳಗೆ ಅಗಲವಾಗಿ ಕಚ್ಚುವ ಫಾಸ್ನರ್, ಹೊಡೆದು ಬಿಗಿದರೆ ಎರಡು ತೊಂದರೆ. ಅಂಚಿನ ಹತ್ತಿರವಾದರೆ ಕಲ್ಲು ಪದರಾಗಿ ಸೀಳುತ್ತದೆ. ನಡುವೆ ಹೊಡೆದು ಗಟ್ಟಿಯಾಗಿ ಕೂತಿತು ಅಂದುಕೊಂಡರೂ ತಿಜೋರಿ ಹಿಡಿದುಕೊಂಡಿರುವುದು ಒಂದು ಬಿಡಿ ಕಲ್ಲನ್ನು ಮಾತ್ರ. ಪಕ್ಕದ ಸಂದಿಯಲ್ಲಿ ಹಾರೆ ಇಟ್ಟು ಎತ್ತಿದರೆ ಕಲ್ಲು ಸಮೇತ ತಿಜೋರಿ ಮೇಲೇಳುತ್ತದೆ.

ಸರಿಯಾದ ಕ್ರಮ ಗೌಂಡಿಯಿಂದ ಅರ್ಧ ದಿನದ ಕೆಲಸ. ತಿಜೋರಿ ಕೂರುವ ಮೂಲೆಯ ಪರಸಿ ಎತ್ತಿಸಿ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಹತ್ತು ಇಂಚು ಆಳ ತೋಡಿಸಿ ತಳ ದಮ್ಮಸ್ಸು ಮಾಡಿಸಿ. ಸಿಮೆಂಟು ಒಂದು, ಉಸುಕು ಎರಡು, ಖಡಿ ನಾಲ್ಕು ಪಾಲಿನ ಕಾಂಕ್ರೀಟು ತುಂಬಿಸಿ. ಸಿಮೆಂಟು ಒಂದು ಚೀಲದ ಮೂರನೇ ಒಂದು ಭಾಗ ಸಾಕು. ತಿಜೋರಿಯ ತಳದ ತೂತುಗಳನ್ನು ರಟ್ಟಿನ ಮೇಲೆ ಗುರುತು ಮಾಡಿಟ್ಟುಕೊಂಡು, ಕಾಂಕ್ರೀಟು ಹಸಿ ಇರುವಾಗಲೇ ಅದೇ ಅಳತೆಗೆ 10 ಅಥವಾ 12 ಮಿ.ಮೀ. ದಪ್ಪದ, ಕೆಳತುದಿ ಬಗ್ಗಿಸಿದ ಬೋಲ್ಟುಗಳನ್ನು ನೆಡಿಸಿ. ತಿಜೋರಿಯ ತಳ ದಾಟಿ ಒಂದು ಇಂಚು ಮೇಲೆ ಉಳಿದರೆ ನಟ್ ಹಿಡಿಯುತ್ತದೆ. ಏಳು ದಿನ ನೀರುಣಿಸಿ, ಆಮೇಲೆ ತಿಜೋರಿ ಇಳಿಸಿ ಒಳಗಿನಿಂದ ನಟ್ ಬಿಗಿಯಿರಿ. ಒಣಗಿದ ಮೇಲೆ ಆ ಗಟ್ಟಿ ಒಂದೇ 120 ಕೆ.ಜಿ. ದಾಟುತ್ತದೆ, ಮೇಲಾಗಿ ನೆಲದೊಳಗಿದೆ. ಅದನ್ನು ಎತ್ತಿ ಒಯ್ಯುವುದು ಒಬ್ಬಿಬ್ಬರ ಕೆಲಸವಲ್ಲ.

ವಾಷರಿನ ವಿಷಯ ಬಹಳ ಜನ ಬಿಡುತ್ತಾರೆ. ತಳದ ತಗಡು 2 ಮಿ.ಮೀ. ಇರುವುದರಿಂದ, ಸಣ್ಣ ನಟ್ ಹಾಕಿ ಮೇಲಿನಿಂದ ಮೀಟಿದರೆ ತೂತೇ ಹರಿದು ನಟ್ ಈಚೆ ಬರುತ್ತದೆ. ಪ್ರತಿ ಬೋಲ್ಟಿಗೂ 40 ಮಿ.ಮೀ. ಅಗಲದ ದಪ್ಪ ವಾಷರ್ ಬೇಕು. ಪೆಟ್ಟಿಗೆಯ ಜೊತೆ ಬರುವುದು ಸಣ್ಣದು, ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ತನ್ನಿ.

ಗೋಡೆಗೆ ಬಿಗಿಯುವುದಾದರೆ ಗೋಡೆ ಯಾವುದು ಎಂದು ಮೊದಲು ತಿಳಿಯಬೇಕು. ಹೊಸ ಕಟ್ಟಡದ ಕಾಂಕ್ರೀಟು ಕಂಬಕ್ಕೆ, ತೊಲೆಗೆ 10 ಮಿ.ಮೀ. ಫಾಸ್ನರ್ ಚೆನ್ನಾಗಿ ಹಿಡಿಯುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯದೇ ಬಿಟ್ ಬಳಸಿ, ಮೂರು ಇಂಚು ಆಳ ಕೊರೆದು, ತೂತಿನ ಪುಡಿಯನ್ನು ಊದಿ ತೆಗೆದ ಮೇಲೆ ಬಿಗಿಯಬೇಕು. ಪುಡಿ ಉಳಿದರೆ ಫಾಸ್ನರ್ ತಿರುಗುತ್ತಲೇ ಇರುತ್ತದೆ. ಟೊಳ್ಳು ಇಟ್ಟಿಗೆ, ಸಿಮೆಂಟು ಬ್ಲಾಕಿನ ತೆಳು ಗೋಡೆಯಲ್ಲಿ ಇದು ನಿಲ್ಲದು. ಹಳೆಯ ವಾಡೆಗಳ ಎರಡಡಿ ಗೋಡೆ ನೋಡಲು ಕೋಟೆಯಂತಿದ್ದರೂ ಕಲ್ಲಿನ ನಡುವೆ ಇರುವುದು ಮಣ್ಣು. ಹಿಗ್ಗುವ ಬೋಲ್ಟು ಮಣ್ಣಿನಲ್ಲಿ ಸುಮ್ಮನೆ ತಿರುಗುತ್ತದೆ. ಅಲ್ಲಿ ಆಗಲೇ ಇರುವ ಗೂಡನ್ನು ಬಳಸಿ: ಗೂಡಿನ ಒಳಮೈಗೆ ಮೂರು ಇಂಚು ಕಾಂಕ್ರೀಟು ಹಾಕಿಸಿ, ತಿಜೋರಿಯನ್ನು ಅದರೊಳಗೆ ಕೂರಿಸಿ, ಸುತ್ತಲ ಸಂದಿ ಮುಚ್ಚಿಸಿ. ನಾಲ್ಕೂ ಮಗ್ಗಲು ಗೋಡೆಯೊಳಗೆ ಹೋದರೆ ಹಾರೆಗೆ ಹಿಡಿತವೇ ಇಲ್ಲ.

ಬೀದರಿನ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ, ಒಳಗೆಲ್ಲ ರಂಧ್ರ ತುಂಬಿದ ಕಲ್ಲು. ಹಿಗ್ಗುವ ಬೋಲ್ಟು ಅದನ್ನು ಪುಡಿ ಮಾಡುತ್ತದೆ. ಅದಕ್ಕೆ ರಾಳದ ಅಂಟು ತುಂಬಿ ಬೋಲ್ಟು ನೆಡುವ ಕೆಮಿಕಲ್ ಆಂಕರ್ ಬೇಕು, ಜೊತೆಗೆ ಜಾಲರಿ ಕೊಳವೆ. ಕೊಳವೆ ಇಲ್ಲದಿದ್ದರೆ ಅಂಟು ರಂಧ್ರಗಳಲ್ಲಿ ಹರಿದು ಹೋಗುತ್ತದೆ. ಯಾದಗಿರಿಯ ಗಟ್ಟಿ ಗ್ರಾನೈಟ್ ಕಲ್ಲಿನ ಗೋಡೆಗೆ ಸಾಮಾನ್ಯ ಡ್ರಿಲ್ ಸಾಲದು, ರೋಟರಿ ಹ್ಯಾಮರ್ ತರಿಸಿ. ಬೋಲ್ಟು ಕಲ್ಲಿನ ಮೈಯಲ್ಲೇ ಬೀಳಬೇಕು, ಸಂದಿಯ ಗಾರೆಯಲ್ಲಿ ಬಿದ್ದರೆ ಫಲವಿಲ್ಲ.

ಜಾಗದ ಆಯ್ಕೆಯಲ್ಲಿ ನಮ್ಮ ಊರಿಗೇ ಸೇರಿದ ಒಂದು ತಪ್ಪಿದೆ: ಕೂಲರ್. ಮಾರ್ಚಿನಿಂದ ಜೂನಿನವರೆಗೆ ಮಲಗುವ ಕೋಣೆಯಲ್ಲಿ ನೀರಿನ ಕೂಲರ್ ಓಡುತ್ತದೆ. ಹೊರಗೆ ಒಣ ಬಿಸಿಲು ಸುಡುತ್ತಿದ್ದರೂ ಆ ಕೋಣೆಯ ಗಾಳಿ ಮಳೆಗಾಲದಂತೆ ತೇವ. ಅದರ ಗಾಳಿಗೆ ಎದುರಾಗಿ ಇಟ್ಟ ತಿಜೋರಿಯಲ್ಲಿ ಸೆಲ್ಲಿಗೆ ತಾಗುವ ಲೋಹದ ಪತ್ತಿಗಳು ತುಕ್ಕು ಹಿಡಿಯುತ್ತವೆ, ಒಳಗಿನ ಬೆಳ್ಳಿ ಬೇಗ ಕಪ್ಪಾಗುತ್ತದೆ. ಬಚ್ಚಲಿಗೆ ಹೊಂದಿದ ಗೋಡೆಯೂ ಬೇಡ. ದೇವರ ಮನೆ, ಮಲಗುವ ಕೋಣೆಯ ಅಲಮಾರಿ, ಜೋಳದ ಡಬ್ಬಿ ಇವು ಕಳ್ಳರಿಗೂ ಗೊತ್ತಿರುವ ಜಾಗಗಳು. ಸಾಮಾನು ಕೋಣೆಯ ಒಳಮೂಲೆ, ಹೊರಗೋಡೆಗೆ ತಾಗದ ಕಡೆ, ಒಳ್ಳೆಯದು. ಮೂಲೆಯಲ್ಲಿ ಹಾರೆ ಬೀಸಲು ಜಾಗವೂ ಸಿಗುವುದಿಲ್ಲ.

ಸೆಲ್ಲು, ನಂಬರು, ಬೀಗದ ಕೈ: ತಿಜೋರಿ ತೆರೆಯದೆ ಪೇಚಿಗೆ ಸಿಕ್ಕುವ ಪ್ರಸಂಗಗಳೆಲ್ಲ ಬಹುಪಾಲು ಈ ಮೂರರಿಂದಲೇ. ತುರ್ತು ಬೀಗದ ಕೈ ಎರಡನ್ನೂ ತಿಜೋರಿಯೊಳಗೇ ಇಟ್ಟು ಬಾಗಿಲು ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸೆಲ್ ಸತ್ತ ದಿನ ಬಾಗಿಲು ಕೊರೆಸಬೇಕಾಗುತ್ತದೆ. ಒಂದು ಕೈ ಮನೆಯಲ್ಲಿ ತಿಜೋರಿಯಿಂದ ದೂರ, ಇನ್ನೊಂದು ನಂಬಿಕೆಯ ಬಂಧುಗಳ ಮನೆಯಲ್ಲಿ ಇರಲಿ. ಅಲ್ಕಲೈನ್ ಸೆಲ್ ಮಾತ್ರ ಹಾಕಿ. ಚಾರ್ಜ್ ಮಾಡುವ ಸೆಲ್ಲಿನ ವೋಲ್ಟೇಜ್ 1.2 ಮಾತ್ರ ಇರುವುದರಿಂದ ಮೋಟಾರು ಅರ್ಧಕ್ಕೆ ನಿಲ್ಲಬಹುದು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೇಗೂ ತಿಜೋರಿ ತೆರೆಯುತ್ತೀರಿ, ಅಂದೇ ನಾಲ್ಕೂ ಸೆಲ್ ಒಟ್ಟಿಗೆ ಬದಲಿಸಿ. ಹಳೆಯದು ಸೋರಿದರೆ ಪತ್ತಿ ತಿಂದುಹಾಕುತ್ತದೆ.

ಪೂಜೆಯ ಕೈಯಲ್ಲಿ ನಂಬರ್ ಒತ್ತಿದರೆ ಕುಂಕುಮ, ಅರಿಶಿಣ ಗುಂಡಿಗಳ ಮೇಲೆ ಉಳಿಯುತ್ತದೆ. ಯಾವ ನಾಲ್ಕು ಅಂಕಿ ಎಂದು ನೋಡಿದವರಿಗೆ ತಿಳಿಯುತ್ತದೆ, ಮರೆಯದೆ ಒರೆಸಿ. ಕಾರ್ಖಾನೆಯಿಂದ ಬಂದ ನಂಬರ್ ಬದಲಿಸುವಾಗ ಮಾಸ್ಟರ್ ನಂಬರನ್ನೂ (ನಿಮ್ಮ ನಂಬರ್ ಮರೆತರೂ ಬಾಗಿಲು ತೆರೆಯುವ ಇನ್ನೊಂದು ನಂಬರ್) ಬದಲಿಸಿ, ಅದನ್ನು ಬಹಳ ಮಂದಿ ಹಾಗೆಯೇ ಬಿಡುತ್ತಾರೆ. ಈ ಕೆಲಸ ಗೌಂಡಿ, ಜೋಡಣೆಯವರು ಹೋದ ಮೇಲೆ, ಬಾಗಿಲು ತೆರೆದಿಟ್ಟುಕೊಂಡೇ ಮಾಡಿ ಮೂರು ಸಲ ಪರೀಕ್ಷಿಸಿ. ಬೆರಳಚ್ಚಿನ ಮಾದರಿ ಹೊಲದ ಕೆಲಸದಿಂದ ಗೆರೆ ಸವೆದ ಕೈಗೆ, ವಯಸ್ಸಾದ ಅವ್ವನ ಕೈಗೆ ಸರಿಯಾಗಿ ಓದುವುದಿಲ್ಲ. ನಂಬರಿನದೇ ಮೇಲು.

ಒಳಗೆ ಇಡುವ ಬಗೆಗೂ ಕ್ರಮವಿದೆ. ಅಂಗಡಿಯ ಮಖಮಲ್ಲಿನ ದೊಡ್ಡ ಡಬ್ಬಿಗಳನ್ನು ಇಟ್ಟರೆ 20 ಲೀಟರು ಐದಾರು ಡಬ್ಬಿಗೇ ಮುಗಿಯುತ್ತದೆ. ಒಂದೊಂದು ಒಡವೆಯನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಅಥವಾ ಸರಾಫರು ಕೊಡುವ ಗುಲಾಬಿ ಕಾಗದದಲ್ಲಿ ಬೇರೆ ಬೇರೆ ಸುತ್ತಿ. 22 ಕ್ಯಾರೆಟ್ ಬಂಗಾರ ಮೆದು, ವಜ್ರದ ಹರಳು ತಾಗಿದರೆ ಗೀರು ಬೀಳುತ್ತದೆ. ಅರಗು ತುಂಬಿದ ಗುಂಡಿನ ಸರದ ಮೇಲೆ ಭಾರ ಹೇರಬೇಡಿ, ಗುಂಡು ನೆಗ್ಗಿದರೆ ಮೊದಲಿನಂತೆ ಮಾಡುವುದು ಕಷ್ಟ. ಹೈದರಾಬಾದಿನಿಂದ ತಂದ ಮುತ್ತಿನ ಸರಕ್ಕೆ ಸ್ವಲ್ಪ ತೇವ ಬೇಕು. ಅದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ. ಸರವನ್ನು ನೇತು ಹಾಕದೆ ಚಪ್ಪಟೆಯಾಗಿ ಮಲಗಿಸಿ, ಇಲ್ಲದಿದ್ದರೆ ದಾರ ಜಗ್ಗುತ್ತದೆ.

ಬೆಳ್ಳಿಗೆ ಇದರ ಉಲ್ಟಾ. ಲಿಂಗದ ಕರಡಿಗೆ, ಪೈಜಣ, ಕಾಲ್ಗಡಗ ಕಪ್ಪಾಗುವುದು ಗಾಳಿಯ ಗಂಧಕದ ಅಂಶದಿಂದ, ತೇವ ಇದ್ದರೆ ಇನ್ನೂ ಬೇಗ. ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿದೆ, ಅದನ್ನು ಸುತ್ತಿದ ಕಡೆ ಕಪ್ಪು ಗೆರೆ ಮೂಡುತ್ತದೆ. ಬೆಳ್ಳಿಯನ್ನು ಒಣ ಬಟ್ಟೆಯಿಂದ ಒರೆಸಿ, ಜಿಪ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಸಣ್ಣ ಸಿಲಿಕಾ ಪೊಟ್ಟಣ ಸೇರಿಸಿ. ಒಡೆದ ಹಳೆಯ ಥರ್ಮಾಮೀಟರಿನ ಪಾದರಸ ಬಂಗಾರದ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ತಾಗಿದ ಕಡೆ ಬಂಗಾರ ಬೆಳ್ಳಗಾಗಿ ಕೆಡುತ್ತದೆ.

ಬೀದರಿನ ಬಿದ್ರಿ ಡಬ್ಬಿಯಲ್ಲಿ ಒಡವೆ ಇಡುವವರೂ ಇದ್ದಾರೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಆ ಕೆಲಸ ಅಪರೂಪದ್ದು, ಉಂಗುರ, ಕಿವಿಯೋಲೆ ಇಡಲು ಚೆಂದ. ಹೊಳಪಿಗೆ ಸವರಿದ ಎಣ್ಣೆ ಒಳಗಿನ ಬಟ್ಟೆಗೆ ಹತ್ತದಂತೆ ನೋಡಿಕೊಂಡರೆ ಸಾಕು. ಕಾವಲಿನ ಕೆಲಸ ಅದರದಲ್ಲ.

ಎಲ್ಲ ಒಡವೆಯ ಪಟ್ಟಿ ಮಾಡಿ: ಫೋಟೊ, ಗ್ರಾಮಿನ ತೂಕ, ಬಿಲ್, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ತಾಳೆ ನೋಡಬಹುದು. ತೊಲಿಯಲ್ಲಿ ಬರೆದಿಟ್ಟ ಹಳೆಯ ಲೆಕ್ಕವಿದ್ದರೆ ಗ್ರಾಮಿಗೆ ಬದಲಿಸಿ, ಹಳೆಯ ತೊಲಿ 11.66 ಗ್ರಾಂ, ಈಗ ಬಾಯಿಮಾತಿನಲ್ಲಿ 10. ಪಟ್ಟಿಯ ಪ್ರತಿ ತಿಜೋರಿಯ ಹೊರಗಿರಲಿ. ಕಳವಾದರೆ ಪೊಲೀಸರಿಗೂ ವಿಮೆಗೂ ಮೊದಲು ಬೇಕಾಗುವುದು ಅದೇ. ಮನೆಯ ವಿಮೆ ಇದ್ದರೆ ಒಡವೆ ತಾನಾಗಿ ಸೇರಿರುವುದಿಲ್ಲ. 'ಭಾರತ್ ಗೃಹ ರಕ್ಷಾ' ಎಂಬ ಮನೆ ವಿಮೆಯಲ್ಲೂ ಬೆಲೆಬಾಳುವ ವಸ್ತುಗಳ ರಕ್ಷಣೆಯನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಬೇಕು.

ಮದುವೆಗೊಮ್ಮೆ ಮಾತ್ರ ತೊಡುವ ಒಡವೆಗೆ ಬ್ಯಾಂಕ್ ಲಾಕರೇ ಸರಿ. 2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಗೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ಇದ್ದರೆ ಸಿಗುವುದು ಎರಡು ಲಕ್ಷ. ಇಟ್ಟ ಬಂಗಾರದ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಮನೆಯ ತಿಜೋರಿಯಲ್ಲಿ ಹಬ್ಬಕ್ಕೆ, ಶರಣಬಸವೇಶ್ವರ ಜಾತ್ರೆಗೆ ತೊಡುವಷ್ಟು ಇದ್ದರೆ ಸಾಕು.

ಇನ್ನೊಂದು ಕೆಲಸ ಮೊದಲ ಮಳೆಗಾಲ ಕಳೆದ ಮೇಲಿನದು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಗೋಡೆ ಬಿರಿಯುತ್ತದೆ, ಬೋಲ್ಟು ಸಡಿಲಾಗುತ್ತದೆ. ದೀಪಾವಳಿಗೆ ಸೆಲ್ ಬದಲಿಸುವಾಗಲೇ 17 ಮಿ.ಮೀ. ಪಾನಾ ತೆಗೆದುಕೊಂಡು 10 ಮಿ.ಮೀ. ಬೋಲ್ಟಿನ ಎಲ್ಲ ನಟ್ ಬಿಗಿಯಿರಿ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಗೋಡೆಯಲ್ಲೋ ನೆಲದಲ್ಲೋ ಬಿರುಕು ಬಿಟ್ಟಿದೆ, ಗೌಂಡಿಯನ್ನು ಕರೆಸಿ ತೋರಿಸಿ.